ಪಂಕ್ ಹಾಡು, ವ್ಯಂಗ್ಯಚಿತ್ರ: ಎರಡನ್ನೂ ನೆಚ್ಚಿ ಬದುಕಬಹುದೇ?

ಪ್ರಶ್ನೆ: ನಾನು ಮಂಡ್ಯದವನು, ವಯಸ್ಸು 24. ಮೈಸೂರಿನ ಕಾವಾದಲ್ಲಿ ಚಿತ್ರಕಲೆ ಕಲಿತು, ಈಗ ಊರಿನ ಒಂದು ಫ್ಲೆಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಮೂವರು ಗೆಳೆಯರು ಸೇರಿ ಕನ್ನಡದಲ್ಲಿ ಪಂಕ್ ಹಾಡುಗಳನ್ನು, ಎಂದರೆ ವೇಗದ, ಒರಟು ದನಿಯ ರಾಕ್ ಹಾಡುಗಳನ್ನು, ಕಟ್ಟುತ್ತೇವೆ. ನಾನು ಗಿಟಾರ್ ನುಡಿಸಿ ಹಾಡುತ್ತೇನೆ. ವ್ಯಂಗ್ಯಚಿತ್ರ, ಚಿತ್ರಕಥೆಗಳನ್ನೂ ಬರೆಯುತ್ತೇನೆ. ಮನೆಯಲ್ಲಿ 'ಎರಡರಲ್ಲಿ ಒಂದನ್ನು ಹಿಡಿ, ಇಲ್ಲವೇ ಎರಡನ್ನೂ ಬಿಟ್ಟು ಖಾಯಂ ಕೆಲಸ ನೋಡು' ಎನ್ನುತ್ತಾರೆ. ಯಾರ ಹಂಗಿಗೂ ಬೀಳದೆ ಎರಡನ್ನೂ ವೃತ್ತಿಯಾಗಿ ನಡೆಸಬಹುದೇ? ಈ ನಡುವೆ ಒಂದು ಮ್ಯೂಸಿಕ್ ಕಂಪನಿ ನಮ್ಮ 6 ಹಾಡುಗಳನ್ನು ಬಿಡುಗಡೆ ಮಾಡುತ್ತೇವೆಂದು ಕರಾರುಪತ್ರ ಕಳಿಸಿದೆ. 25,000 ರೂಪಾಯಿ ಕೊಡುತ್ತಾರೆ. ಆಲ್ಬಮ್ಮಿನ ಹೊದಿಕೆಗೆ ನಾನು ಬರೆದ ಚಿತ್ರಗಳೂ ಸೇರಿ ಎಲ್ಲ ಹಕ್ಕುಗಳೂ ಶಾಶ್ವತವಾಗಿ ಅವರವು ಎಂದು ಅದರಲ್ಲಿದೆ. ಸಹಿ ಹಾಕಲೇ?

ಉತ್ತರ: ಮನೆಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ತಿಂಗಳ ಸಂಬಳವೊಂದು ಬೇಕು ಎಂಬುದು ಸರಿ. ಅದರ ವಿಷಯ ಮುಂದೆ ಬರುತ್ತದೆ. ಆದರೆ ಹಾಡು ಮತ್ತು ಚಿತ್ರ ಎರಡು ದೋಣಿಗಳು, ಎರಡರ ಮೇಲೂ ಕಾಲಿಟ್ಟವನು ಮುಳುಗುತ್ತಾನೆ ಎಂಬ ಎಣಿಕೆಯನ್ನು ನಾನು ಒಪ್ಪುವುದಿಲ್ಲ. ಮೈಸೂರಿನಲ್ಲಿ 20 ವರ್ಷಗಳಿಂದ ಸಣ್ಣ ಪುಸ್ತಿಕೆಗಳನ್ನು ಅಚ್ಚು ಹಾಕಿಸುತ್ತ, ಹುಡುಗರ ತಂಡಗಳ ಹಾಡುಗಳನ್ನು ಮನೆಯ ಕೋಣೆಯಲ್ಲಿ ಧ್ವನಿಮುದ್ರಿಸುತ್ತ ಬಂದಿರುವ ನನಗೆ ಕಂಡದ್ದು ಬೇರೆಯೇ. ಹಾಡನ್ನು ಮಾತ್ರ ನೆಚ್ಚಿದವರೂ ಚಿತ್ರವನ್ನು ಮಾತ್ರ ನೆಚ್ಚಿದವರೂ ಬೇಗ ದಣಿದರು. ಎರಡನ್ನೂ ಒಂದೇ ಕೆಲಸವೆಂದು ಮಾಡಿದವರು ಉಳಿದುಕೊಂಡರು. ಕಾರಣ ಸರಳವಾದದ್ದು. ಹಾಡು ಕೇಳಿ ಮನೆಗೆ ಹೋಗುವವನ ಕೈ ಬರಿದಾಗಿರುತ್ತದೆ, ಅಲ್ಲಿ ಒಂದು ಪುಸ್ತಿಕೆಯಿದ್ದರೆ ಹಾಡು ನೆನಪಿನಲ್ಲಿರುತ್ತದೆ. ಪುಸ್ತಿಕೆಗಾದರೋ 50 ಮಂದಿ ಅಪರಿಚಿತರನ್ನು ಒಂದು ಸಂಜೆ ಒಂದೆಡೆ ಕೂಡಿಸುವ ಶಕ್ತಿ ಇಲ್ಲ, ಹಾಡಿಗೆ ಅದು ಇದೆ.

ಪಂಕ್ ಸಂಗೀತವು ಹುಟ್ಟಿದಾಗಿನಿಂದಲೂ ಕಾಗದ ಮತ್ತು ಶಾಯಿಯ ಜೊತೆಗೇ ಬೆಳೆದಿದೆ. 1976ರಲ್ಲಿ ಲಂಡನ್ನಿನಲ್ಲಿ ಬ್ಯಾಂಕ್ ಗುಮಾಸ್ತರಾಗಿದ್ದ ಮಾರ್ಕ್ ಪೆರಿ ಎಂಬ ತರುಣ 'ಸ್ನಿಫಿನ್ ಗ್ಲೂ' ಎಂಬ ಕಿರುಪತ್ರಿಕೆಯನ್ನು ತೆಗೆದರು. ಟೈಪು ಮಾಡಿದ ಸಾಲುಗಳು, ಸ್ಕೆಚ್ ಪೆನ್ನಿನಲ್ಲಿ ಕೈಯಾರೆ ಬರೆದ ತಲೆಬರಹಗಳು, ಮೊದಲ ಸಂಚಿಕೆಗೆ ಸುಮಾರು 50 ಜೆರಾಕ್ಸ್ ಪ್ರತಿಗಳು. ಝೀನ್ ಎಂದು ಇಂದು ನಾವು ಕರೆಯುವ, ಒಬ್ಬನೇ ಬರೆದು ಒಬ್ಬನೇ ಮಡಚಿ ಹಂಚುವ ಪುಸ್ತಿಕೆಯು ಪಂಕ್ ಜಗತ್ತಿನಲ್ಲಿ ನೆಲೆಯೂರಿದ್ದು ಇಂಥವುಗಳಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ಲ್ಯಾಕ್ ಫ್ಲ್ಯಾಗ್ ತಂಡದ ಗಿಟಾರ್ ವಾದಕ ಗ್ರೆಗ್ ಗಿನ್ ಅವರ ತಮ್ಮ ರೇಮಂಡ್ ಪೆಟಿಬಾನ್ ತಂಡದ ಕರಪತ್ರಗಳಿಗೂ ಆಲ್ಬಮ್ ಹೊದಿಕೆಗಳಿಗೂ ಚಿತ್ರ ಬರೆದರು. ಹಾರುವ ಬಾವುಟದಂತೆ ಏರುಪೇರಾಗಿ ನಿಂತ ನಾಲ್ಕು ಕಪ್ಪು ಪಟ್ಟಿಗಳ ಅವರ ಲಾಂಛನವನ್ನು, ಆ ತಂಡದ ಒಂದು ಹಾಡನ್ನೂ ಕೇಳದವರು ಸಹ ಗುರುತಿಸುತ್ತಾರೆ. ಇಂಗ್ಲೆಂಡಿನ ಕ್ರಾಸ್ ಎಂಬ ಪಂಕ್ ತಂಡದಲ್ಲಿ ಜೀ ವೋಶರ್ ಎಂಬ ಕಲಾವಿದೆ ತಂಡದ ಒಳಗಿನವರಾಗಿಯೇ ಇದ್ದು ಅದರ ಮುದ್ರಿತ ರೂಪವನ್ನೆಲ್ಲ ರೂಪಿಸಿದರು.

ನಿಮ್ಮ ಸ್ಥಿತಿಗೆ ಅತಿ ಹತ್ತಿರದ ಉದಾಹರಣೆ ನ್ಯೂಯಾರ್ಕಿನ ಜೆಫ್ರಿ ಲೂಯಿಸ್ ಅವರದು. 1975ರಲ್ಲಿ ಹುಟ್ಟಿದ ಇವರು ಹಾಡು ಕಟ್ಟಿ ಹಾಡುವವರು, ಜೊತೆಗೆ 'ಫಫ್' ಎಂಬ ಚಿತ್ರಕಥಾ ಸರಣಿಯನ್ನು ತಾವೇ ಬರೆದು ತಾವೇ ಪ್ರಕಟಿಸುವವರು. ಕ್ರಾಸ್ ತಂಡದ ಹಾಡುಗಳನ್ನೇ ತಮ್ಮ ರೀತಿಯಲ್ಲಿ ಹಾಡಿ 2007ರಲ್ಲಿ ಒಂದು ಆಲ್ಬಮ್ಮನ್ನೂ ಹೊರತಂದರು. ಕಾರ್ಯಕ್ರಮದ ನಡುವೆ ಅವರು ದೊಡ್ಡ ಅಳತೆಯ ಚಿತ್ರಪುಸ್ತಕವೊಂದನ್ನು ಜನರತ್ತ ಎತ್ತಿ ಹಿಡಿದು, ಒಂದೊಂದೇ ಪುಟ ಮಗುಚುತ್ತ ಕಥೆಯನ್ನು ಹಾಡಿ ಮುಗಿಸುತ್ತಾರೆ. ಅದಕ್ಕೆ ವೇದಿಕೆಯ ಬೆಳಕು ಬೇಡ, ಪರದೆ ಬೇಡ. ಮುಂದಿನ ಸಾಲಿನವರಿಗೆ ಪುಟ ಕಂಡರೆ ಸಾಕು, ಹಿಂದಿನವರು ತಾವಾಗಿಯೇ ಹತ್ತಿರ ಸರಿಯುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಮೇಜಿನ ಮೇಲೆ ಹಾಡಿನ ಮುದ್ರಿಕೆಯೂ ಚಿತ್ರಕಥೆಯೂ ಅಕ್ಕಪಕ್ಕ ಇರುತ್ತವೆ, ಮಾರುವವರೂ ಅವರೇ.

ಇದನ್ನು ಹೊರನಾಡಿನ ಹೊಸತೆಂದು ನೀವು ತಿಳಿಯಬೇಕಾಗಿಲ್ಲ. ನಿಮ್ಮ ಜಿಲ್ಲೆಯ ನಾಗಮಂಗಲ ಸೀಮೆಯ ತೊಗಲುಗೊಂಬೆಯಾಟವನ್ನು ನೋಡಿದ್ದೀರಾದರೆ, ಅಲ್ಲಿ ಚರ್ಮವನ್ನು ಹದಗೊಳಿಸಿ, ಅದರ ಮೇಲೆ ಆಕೃತಿ ಬರೆದು, ರಂಧ್ರ ಕೊರೆದು, ಬಣ್ಣ ಹಾಕುವ ಮನೆತನದವರೇ ರಾತ್ರಿ ಬಿಳಿಯ ಪರದೆಯ ಹಿಂದೆ ದೀಪವಿಟ್ಟು ಆ ಬೊಂಬೆಗಳನ್ನು ಆಡಿಸುತ್ತ ಹಾಡುವುದನ್ನೂ ಕಂಡಿರುತ್ತೀರಿ. ಚಿತ್ರ ಒಬ್ಬರದು, ಹಾಡು ಇನ್ನೊಬ್ಬರದು, ವ್ಯಾಪಾರ ಮತ್ತೊಬ್ಬರದು ಎಂಬ ವಿಭಾಗ ಅಲ್ಲಿಲ್ಲ. ಮನೆಯವರಿಗೆ ಲಂಡನ್ನಿನ ಕಥೆ ಹೇಳುವ ಬದಲು ಇದನ್ನೇ ನೆನಪಿಸಿ, ನಿಮ್ಮ ಮಾತು ಅವರಿಗೆ ಬೇಗ ತಲುಪುತ್ತದೆ.

ಹಣ ಹೇಗೆ ತಿರುಗುತ್ತದೆ ಎಂಬುದನ್ನು ಅರಿಯಲು ಎರಡು ಹಳೆಯ ಲೆಕ್ಕಗಳು ಸಾಕು. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡದವರು ಮನೆಯವರು ಮತ್ತು ಗೆಳೆಯರಿಂದ ಸುಮಾರು 500 ಪೌಂಡ್ ಸಾಲ ತಂದು, 1976ರ ಡಿಸೆಂಬರಿನಲ್ಲಿ ಒಂದೇ ದಿನದಲ್ಲಿ 4 ಹಾಡುಗಳನ್ನು ಧ್ವನಿಮುದ್ರಿಸಿ, 1977ರ ಜನವರಿಯಲ್ಲಿ 'ನ್ಯೂ ಹಾರ್ಮೋನ್ಸ್' ಎಂಬ ತಮ್ಮದೇ ಹೆಸರಿನಲ್ಲಿ ಹೊರತಂದರು. ಮೊದಲು ಒತ್ತಿಸಿದ್ದು ಗ್ರಾಮಫೋನ್ ತಟ್ಟೆಯ 1,000 ಪ್ರತಿ. ಅದು ಮಾರಿಹೋದ ದುಡ್ಡಿನಲ್ಲಿ ಮತ್ತೆ ಒತ್ತಿಸುತ್ತ ಹೋಗಿ ಕೊನೆಗೆ ಸುಮಾರು 16,000 ಮಾರಿದರು. ವಾಷಿಂಗ್ಟನ್ನಿನಲ್ಲಿ ಟೀನ್ ಐಡಲ್ಸ್ ಎಂಬ ಶಾಲಾ ಹುಡುಗರ ತಂಡ 1980ರಲ್ಲಿ ಒಡೆದಾಗ, ಕಾರ್ಯಕ್ರಮಗಳಿಂದ ಕೂಡಿಟ್ಟ ಸುಮಾರು 600 ಡಾಲರನ್ನು ಹಂಚಿಕೊಳ್ಳದೆ ಅದರಲ್ಲಿ ತಮ್ಮ ಹಾಡುಗಳ ಮುದ್ರಿಕೆ ತಂದರು. ಹೊದಿಕೆಯ ರಟ್ಟನ್ನು ತಾವೇ ಕತ್ತರಿಸಿ, ಮಡಚಿ, ಅಂಟು ಹಾಕಿದರು. ಡಿಸ್ಕಾರ್ಡ್ ಎಂಬ ಧ್ವನಿಮುದ್ರಿಕೆ ಸಂಸ್ಥೆ ಹುಟ್ಟಿದ್ದು ಹಾಗೆ, ಅದು ಇಂದಿಗೂ ಇದೆ. ಅದರ ಸ್ಥಾಪಕರಲ್ಲಿ ಒಬ್ಬರಾದ ಇಯಾನ್ ಮೆಕೇ ಮುಂದೆ ಕಟ್ಟಿದ ಫುಗಾಜಿ ತಂಡ, ಸಾವಿರಾರು ಜನ ಸೇರುತ್ತಿದ್ದ ಕಾಲದಲ್ಲೂ ಟಿಕೆಟ್ಟಿನ ಬೆಲೆಯನ್ನು ಸುಮಾರು 5 ಡಾಲರಿನ ಆಸುಪಾಸಿನಲ್ಲೇ ಇರಿಸಲು ಹಟ ಹಿಡಿಯಿತು. ಈ ಎರಡೂ ಕಥೆಗಳಲ್ಲಿ ನಾನು ಬೆರಳಿಟ್ಟು ತೋರಿಸುವುದು ಒಂದನ್ನೇ: ಹಾಡಿನಿಂದ ಬಂದ ಹಣ ಹಾಡಿನ ಮುದ್ರಣಕ್ಕೇ ಹೋಯಿತೇ ಹೊರತು ಮನೆಯ ಬಾಡಿಗೆಗೆ ಹೋಗಲಿಲ್ಲ.

ಬಾಡಿಗೆ ಬೇರೆಡೆಯಿಂದ ಬರಬೇಕು. ಇದನ್ನು ಸೋಲೆಂದು ಭಾವಿಸುವ ತರುಣರನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಅಮೆರಿಕದ ಜಾನ್ ಪೋರ್ಸೆಲಿನೊ ಪಂಕ್ ತಂಡಗಳಲ್ಲಿ ನುಡಿಸುತ್ತಿದ್ದವರು. 1989ರಲ್ಲಿ ಆರಂಭಿಸಿದ 'ಕಿಂಗ್-ಕ್ಯಾಟ್' ಎಂಬ ಜೆರಾಕ್ಸ್ ಪುಸ್ತಿಕೆಯನ್ನು ದಶಕಗಳ ಕಾಲ ನಡೆಸಿಕೊಂಡು ಬಂದರು. ಆ ನಡುವೆ ಹಲವು ವರ್ಷ ಸೊಳ್ಳೆ ನಿಯಂತ್ರಣದ ಕೆಲಸಗಾರರಾಗಿ ದುಡಿದು, ಆ ಕೆಲಸದ ಅನುಭವವನ್ನೇ ಚಿತ್ರಕಥೆ ಮಾಡಿದರು. ಕ್ಲೀವ್‌ಲ್ಯಾಂಡಿನ ಹಾರ್ವಿ ಪೀಕರ್ ಸರ್ಕಾರಿ ಆಸ್ಪತ್ರೆಯಲ್ಲಿ ಕಡತದ ಗುಮಾಸ್ತರಾಗಿದ್ದುಕೊಂಡೇ 1976ರಿಂದ ತಮ್ಮ ಚಿತ್ರಕಥೆಯ ಸಂಚಿಕೆಗಳನ್ನು ಸ್ವಂತ ಖರ್ಚಿನಲ್ಲಿ ತಂದರು. ನಮ್ಮಲ್ಲಿ ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ವೈದ್ಯವೃತ್ತಿಯನ್ನು ಬಿಡದೆ 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಆರಂಭಿಸಿದರು. ಮೈಸೂರಿನ ಹುಡುಗ ಆರ್. ಕೆ. ಲಕ್ಷ್ಮಣ್ ಅವರ ಗೆರೆಗಳು ದೇಶಕ್ಕೆ ಪರಿಚಯವಾಗುವ ಮುನ್ನ ಕನ್ನಡಿಗರಿಗೆ ಪರಿಚಯವಾದದ್ದು ಅಂಥ ಪುಟಗಳಲ್ಲಿ. ಅವರ ಅಣ್ಣ ಆರ್. ಕೆ. ನಾರಾಯಣ್, ಎರಡನೆಯ ಮಹಾಯುದ್ಧದಿಂದಾಗಿ ಇಂಗ್ಲೆಂಡಿನ ಪ್ರಕಾಶಕರ ಸಂಪರ್ಕ ಕಡಿದುಹೋದಾಗ, ಮೈಸೂರಿನಲ್ಲೇ 'ಇಂಡಿಯನ್ ಥಾಟ್' ಹೆಸರಿನಲ್ಲಿ ತಮ್ಮ ಪ್ರಕಾಶನವನ್ನು ತಾವೇ ಕಟ್ಟಿಕೊಂಡರು. ಅದೇ ಹೆಸರಿನ ಪತ್ರಿಕೆ ಬಹುಬೇಗ ನಿಂತುಹೋಯಿತು, ಪುಸ್ತಕ ಪ್ರಕಾಶನ ಉಳಿಯಿತು. ಕುಡುಕನ ಆಡುಮಾತಿನಲ್ಲಿ ಪದ ಕಟ್ಟಿದ ಜಿ. ಪಿ. ರಾಜರತ್ನಂ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ, ಹೊತ್ತು, ಮಾರಿದವರು.

ಆದ್ದರಿಂದ ಡಿಟಿಪಿ ಅಂಗಡಿಯ ಕೆಲಸವನ್ನು ಬಿಡಬೇಡಿ. ಬೇರೊಬ್ಬರು ಹಣ ಕೊಟ್ಟು ಕಲಿಯಬೇಕಾದದ್ದನ್ನು ನೀವು ಸಂಬಳ ಪಡೆದು ಕಲಿಯುತ್ತಿದ್ದೀರಿ: ಯಾವ ಕಾಗದ ಮಡಚಿದರೆ ಬಿರಿಯುತ್ತದೆ, ಕಟಿಂಗ್ ಮಷಿನ್ನಿಗೆ ಅಂಚಿನಲ್ಲಿ ಎಷ್ಟು ಬಿಡಬೇಕು, ಮಾಲೀಕರು ಗಿರಾಕಿಗೆ ಹೇಳುವ ದರದಲ್ಲಿ ನಿಜವಾದ ಖರ್ಚೆಷ್ಟು. ಬದಲಿಗೆ ವಾರದಲ್ಲಿ ಎರಡು ಸಂಜೆಗಳನ್ನು ತಂಡದ ಅಭ್ಯಾಸಕ್ಕೂ, ಮೂರು ಬೆಳಗುಗಳನ್ನು ಚಿತ್ರಕ್ಕೂ ಮೀಸಲಿಟ್ಟು, ಅವುಗಳನ್ನು ಯಾವ ಕಾರಣಕ್ಕೂ ಬಿಟ್ಟುಕೊಡದಿರಿ.

ಮೊದಲ ಪುಸ್ತಿಕೆ 16 ಪುಟದ್ದಾಗಿರಲಿ. ನಡುವೆ ಪಿನ್ನು ಹೊಡೆಯುವ ಪುಸ್ತಿಕೆಗೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು; ನಾಲ್ಕು ಎ4 ಹಾಳೆಗಳನ್ನು ಮಧ್ಯಕ್ಕೆ ಮಡಚಿದರೆ 16 ಪುಟವಾಗುತ್ತದೆ. ಹೊರಗಿನ ಹಾಳೆಯ ಒಂದು ಬದಿಯಲ್ಲಿ 16 ಮತ್ತು 1, ಇನ್ನೊಂದು ಬದಿಯಲ್ಲಿ 2 ಮತ್ತು 15 ಬರುತ್ತವೆ. ಅದರ ಒಳಗಿನದರಲ್ಲಿ 14 ಮತ್ತು 3, 4 ಮತ್ತು 13, ಹೀಗೆ. ಖಾಲಿ ಹಾಳೆಗಳನ್ನು ಮಡಚಿ ಪುಟಸಂಖ್ಯೆ ಬರೆದ ಡಮ್ಮಿಯೊಂದನ್ನು ಮಾಡಿಟ್ಟುಕೊಂಡರೆ ತಪ್ಪುವುದಿಲ್ಲ. ಮೂಲಚಿತ್ರವನ್ನು ಎ4 ಅಳತೆಯಲ್ಲಿ ಬರೆದು ಪುಟದ ಅಳತೆಗೆ ಇಳಿಸುವುದಾದರೆ ಅದು ಶೇ 71ಕ್ಕೆ ಇಳಿಯುತ್ತದೆ; ಎಂದರೆ 0.3 ಮಿಲಿಮೀಟರ್ ಪೆನ್ನಿನ ಗೆರೆ ಸುಮಾರು 0.2ಕ್ಕೆ ಬರುತ್ತದೆ, ಅದಕ್ಕಿಂತ ತೆಳುವಾದದ್ದನ್ನು ಹಳೆಯ ಜೆರಾಕ್ಸ್ ಯಂತ್ರ ನುಂಗಿಬಿಡುತ್ತದೆ. ಪೆನ್ಸಿಲ್ಲಿನ ನಸುಬೂದು ನೆರಳಿನ ಬದಲು ಅಡ್ಡಗೆರೆಗಳಿಂದ ನೆರಳು ತುಂಬಿರಿ. ಸ್ಕ್ಯಾನ್ ಮಾಡುವಾಗ ಬರಿಯ ಕಪ್ಪು-ಬಿಳುಪಿನಲ್ಲಿ 600 ಡಿಪಿಐಗೆ ಕಡಿಮೆಯಿಲ್ಲದಂತೆ ತೆಗೆಯಿರಿ.

ಖರ್ಚಿನ ಲೆಕ್ಕವನ್ನು ಹೀಗೆ ಹಾಕಿ ನೋಡಿ. ಒಂದು ಬದಿಗೆ 1 ರೂಪಾಯಿ ಎಂದಿಟ್ಟುಕೊಂಡರೆ ಒಳಪುಟಗಳಿಗೆ 8 ರೂಪಾಯಿ, ದಪ್ಪ ಕಾಗದದ ಹೊದಿಕೆ, ಪಿನ್ನು, ಕತ್ತರಿಸುವ ಕೂಲಿ ಸೇರಿ 7 ರೂಪಾಯಿ, ಒಟ್ಟು 15. ನೂರು ಪ್ರತಿಗೆ 1,500. ಬೆಲೆ 50 ರೂಪಾಯಿ ಇಟ್ಟರೆ 30 ಪ್ರತಿ ಮಾರಿದಾಗ ಹಾಕಿದ ದುಡ್ಡು ಕೈಗೆ ಬರುತ್ತದೆ, ಉಳಿದ 70 ಮುಂದಿನ ಪುಸ್ತಿಕೆಯ ಬಂಡವಾಳ. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚು 100 ಪ್ರತಿಗೂ 1,000 ಪ್ರತಿಗೂ ಒಂದೇ ಆದ್ದರಿಂದ, 500ಕ್ಕೂ ಹೆಚ್ಚು ಪ್ರತಿಗಳನ್ನು ಮಾರಬಲ್ಲಿರೆಂದು ಖಚಿತವಾಗುವವರೆಗೆ ಆ ಕಡೆ ಹೋಗಬೇಡಿ. ಮಂಚದ ಕೆಳಗೆ ಕಟ್ಟುಗಟ್ಟಲೆ ಉಳಿದ ಪುಸ್ತಕಗಳು ಎಷ್ಟೋ ಒಳ್ಳೆಯ ಕಲಾವಿದರ ಉತ್ಸಾಹವನ್ನು ಕೊಂದಿವೆ.

ಇನ್ನು ಭಾಷೆಯ ವಿಷಯ. ನೀವು ಕನ್ನಡದಲ್ಲಿ ಹಾಡುತ್ತಿರುವುದು ನನಗೆ ತುಂಬ ಸಂತೋಷ ಕೊಟ್ಟಿದೆ, ಅದರಲ್ಲೂ ಮಂಡ್ಯದವರು ಎಂಬುದು. ವೇಗವಾದ ಪಂಕ್ ಹಾಡಿನಲ್ಲಿ ಉದ್ದನೆಯ ಗ್ರಾಂಥಿಕ ಪದಗಳು ತಾಳಕ್ಕೆ ಸಿಕ್ಕಿ ಒದ್ದಾಡುತ್ತವೆ. 'ಬರುತ್ತದೆ' ಎಂಬುದಕ್ಕೆ ನಾಲ್ಕು ಅಕ್ಷರ ಬೇಕು, ನಿಮ್ಮೂರಿನ 'ಬತ್ತದೆ' ಎಂಬುದಕ್ಕೆ ಮೂರೇ ಸಾಕು. ಮೇಲಾಗಿ ಅದರ ಒತ್ತಕ್ಷರವು ಸ್ನೇರ್ ಡ್ರಮ್ಮಿನ ಪೆಟ್ಟಿನ ಮೇಲೆ ಸರಿಯಾಗಿ ಕೂರುತ್ತದೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಸಾಲಿನ ಕೊನೆಯಲ್ಲೇ ಹೊಡೆತ ಬೀಳುವಂತೆ ಹಾಡನ್ನು ಕಟ್ಟಲು ಸಾಧ್ಯವಿದೆ. ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡದ ಮಾತನ್ನು ತುರುಕಿದಾಗ ಈ ಅನುಕೂಲವೇ ಕೈತಪ್ಪುತ್ತದೆ. ಅಭ್ಯಾಸಕ್ಕೆ ಕೂರುವ ಮುನ್ನ ಸಾಲುಗಳನ್ನು ಗಿಟಾರಿಲ್ಲದೆ, ಸಂತೆಯಲ್ಲಿ ಕೂಗಿ ಕರೆಯುವ ಹಾಗೆ ಗಟ್ಟಿಯಾಗಿ ಹೇಳಿ ನೋಡಿ. ಎಲ್ಲಿ ನಾಲಿಗೆ ತಡವರಿಸುತ್ತದೆಯೋ ಅಲ್ಲಿ ಪದವನ್ನು ಬದಲಿಸಿರಿ, ರಾಗವನ್ನಲ್ಲ.

ಚಿತ್ರಕಥೆಯಲ್ಲೂ ಕನ್ನಡ ತನ್ನದೇ ಬೇಡಿಕೆಗಳನ್ನು ಇಡುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೂ ಗುಣಿತದ ಚಿಹ್ನೆಗಳು ಮೇಲೂ ಚಾಚುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ತೆರಪು ಬೇಕು. ಪ್ರತ್ಯಯಗಳು ಸೇರಿ ಪದಗಳು ಉದ್ದವಾಗುವುದರಿಂದ ಮಾತಿನ ಗುಳ್ಳೆ ಅಗಲವಾಗಿರಬೇಕು. ಆದ್ದರಿಂದ ಮೊದಲು ಮಾತನ್ನು ಬರೆದು, ಆಮೇಲೆ ಅದರ ಸುತ್ತ ಗುಳ್ಳೆಯನ್ನು, ಕೊನೆಗೆ ಉಳಿದ ಜಾಗದಲ್ಲಿ ಆಕೃತಿಯನ್ನು ಬರೆಯುವುದು ಕ್ಷೇಮ. ಸಾಧ್ಯವಾದಷ್ಟೂ ಕೈಬರಹವನ್ನೇ ಬಳಸಿ. ಕಂಪ್ಯೂಟರಿನ ಅಕ್ಷರವೇ ಬೇಕಾದರೆ, ನುಡಿ ತಂತ್ರಾಂಶದ ಹಳೆಯ ಫಾಂಟುಗಳಿಗೂ ಯೂನಿಕೋಡಿಗೂ ನಡುವೆ ಕಡತ ಓಡಾಡಿದಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವುದು ನಿಮಗೆ ಅಂಗಡಿಯಲ್ಲೇ ಗೊತ್ತಿರುತ್ತದೆ. ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಮಾಡಿ ಕೊಡಿ.

ಧ್ವನಿಮುದ್ರಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾಲ್ಕು ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸಬಲ್ಲ ಆಡಿಯೋ ಇಂಟರ್‌ಫೇಸ್ ಒಂದಿದ್ದರೆ ಮೂವರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿ, ಹಾಡುವ ದನಿಯನ್ನು ಮಾತ್ರ ಆಮೇಲೆ ಸೇರಿಸಿ. ಗೋಡೆಗಳಿಗೆ ಹಾಸಿಗೆ, ಕಂಬಳಿಗಳನ್ನು ಒರಗಿಸಿಟ್ಟರೆ ಕೋಣೆಯ ಮಾರ್ದನಿ ತಗ್ಗುತ್ತದೆ. ಆದರೆ ಕಿವಿಯ ವಿಷಯದಲ್ಲಿ ಅಲಕ್ಷ್ಯ ಬೇಡ. ವೃತ್ತಿ ಆರೋಗ್ಯದ ತಜ್ಞರು ಒಪ್ಪುವ ಮಿತಿ 85 ಡೆಸಿಬೆಲ್ಲಿನಲ್ಲಿ 8 ಗಂಟೆ. ಶಬ್ದ 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬೆಲ್ಲಿನಲ್ಲಿ 15 ನಿಮಿಷಕ್ಕೆ ಇಳಿಯುತ್ತದೆ. ಸಣ್ಣ ಕೋಣೆಯ ಡ್ರಮ್ಸ್ ಸುಲಭವಾಗಿ ಅಷ್ಟನ್ನು ಮುಟ್ಟುತ್ತದೆ. ಕಿವಿಯಲ್ಲಿ ಸದಾ ಗುಂಯ್‌ಗುಡುವ ಶಬ್ದ ಸೇರಿಕೊಂಡರೆ ಅದನ್ನು ಹೋಗಲಾಡಿಸುವುದು ಬಹಳ ಕಷ್ಟ. ನನ್ನ ಎಡಗಿವಿಯಲ್ಲಿ ಅದಿದೆ, ಇಯರ್ ಪ್ಲಗ್ ಹಾಕದ ನಾಲ್ಕು ವರ್ಷಗಳ ಫಲವಾಗಿ.

ಎಲ್ಲಿ ನುಡಿಸುವುದು ಎಂದು ಕೇಳುವವರಿಗೆ ನಾನು ಹೇಳುವುದು, ಸಂಗೀತದ ವೇದಿಕೆಗಳನ್ನೇ ಹುಡುಕಬೇಡಿ ಎಂದು. ಮೈಸೂರು ರಂಗಭೂಮಿಯ ಊರು. 1989ರಲ್ಲಿ ಬಿ. ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣದ ಸುತ್ತ ಬೆಳೆದ ಹವ್ಯಾಸಿ ತಂಡಗಳು, ಕಾವಾದ ವಿದ್ಯಾರ್ಥಿಗಳು, ಮಾನಸಗಂಗೋತ್ರಿಯ ಹಾಸ್ಟೆಲುಗಳು, ಪುಸ್ತಕದ ಅಂಗಡಿಗಳು, ಕಾಫಿ ಸಿಗುವ ಸಣ್ಣ ಅಂಗಳಗಳು: ನಿಮ್ಮ ಕೇಳುಗರು ಇಲ್ಲಿದ್ದಾರೆ. ದಸರೆಯ ಯುವ ಸಂಭ್ರಮದಂಥ ದೊಡ್ಡ ವೇದಿಕೆ ಕಾಲೇಜು ತಂಡಗಳಿಗೆ ಒಂದು ರಾತ್ರಿಯ ಚಪ್ಪಾಳೆ ಕೊಡಬಹುದು. 40 ಜನರ ಅಂಗಳ ಎದುರಿನವರ ಹೆಸರನ್ನು ನಿಮಗೆ ಪರಿಚಯಿಸುತ್ತದೆ. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್, ಬೆಂಗಳೂರು ಸುಮಾರು 100, ಎರಡಕ್ಕೂ ರೈಲಿದೆ. ಎರಡು ಊರುಗಳ ನಡುವೆ ಕುಳಿತಿರುವುದು ನಿಮ್ಮ ಕೊರತೆಯಲ್ಲ. ತಿಂಗಳಿಗೊಂದು ಬಾರಿ ಎಂದು ಗೊತ್ತು ಮಾಡಿಕೊಂಡು, ಅದೇ ಜಾಗಗಳಿಗೆ ಮರಳಿ ಮರಳಿ ಹೋಗಿರಿ. ಬಯಲಿನಲ್ಲಿ ಧ್ವನಿವರ್ಧಕ ಬಳಸಲು ಪೊಲೀಸರ ಅನುಮತಿ ಬೇಕು, 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಅದನ್ನು ಬಳಸುವಂತಿಲ್ಲ. ಸಂಜೆ 6ಕ್ಕೆ ಆರಂಭಿಸಿ 8ಕ್ಕೆ ಮುಗಿಸುವ ಕಾರ್ಯಕ್ರಮಕ್ಕೆ ಹೆಣ್ಣುಮಕ್ಕಳೂ ಹಿರಿಯರೂ ಬರುತ್ತಾರೆ, ಕೊನೆಯ ಬಸ್ಸೂ ಸಿಗುತ್ತದೆ.

ಮಾರಾಟಕ್ಕೆ ಮೇಜೊಂದು, ಯುಪಿಐ ಕ್ಯೂಆರ್ ಹಾಳೆಯೊಂದು, ಚಿಲ್ಲರೆ ತುಂಬಿದ ಡಬ್ಬಿಯೊಂದು ಸಾಕು. ಪುಸ್ತಿಕೆಯ ಹಿಂದಿನ ಹೊದಿಕೆಯಲ್ಲಿ ಹಾಡುಗಳನ್ನು ಇಳಿಸಿಕೊಳ್ಳುವ ಕೊಂಡಿಯ ಕ್ಯೂಆರ್ ಅಚ್ಚು ಹಾಕಿಸಿದರೆ, ಹಾಡು ಮತ್ತು ಚಿತ್ರ ಒಂದೇ ಬೆಲೆಗೆ ಒಂದೇ ವಸ್ತುವಾಗಿ ಹೋಗುತ್ತವೆ; ನಮ್ಮ ತಂಡಗಳಿಗೆ ಬಂದ ಹಣದ ಬಹುಪಾಲು ಈ ರೂಪದಲ್ಲೇ ಬಂದಿದೆ. ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಹಾಡನ್ನು ಮಾರಿದರೆ ಸಾಮಾನ್ಯವಾಗಿ ಶೇ 15ರಷ್ಟು ಅವರು ಹಿಡಿದುಕೊಳ್ಳುತ್ತಾರೆ, ಅದು ನ್ಯಾಯವಾದ ದರ. ಆದರೆ ಹಣ ಪೇಪಾಲ್ ಎಂಬ ಪಾವತಿ ಸೇವೆಯ ಮೂಲಕ ಬರುವುದರಿಂದಲೂ, 2021ರ ಏಪ್ರಿಲಿನಿಂದ ಪೇಪಾಲ್ ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿರುವುದರಿಂದಲೂ, ಅದನ್ನು ಹೊರದೇಶದ ಕೇಳುಗರಿಗೆಂದು ಇಟ್ಟುಕೊಳ್ಳಿ. ಸ್ಪಾಟಿಫೈಯಲ್ಲಿ 2024ರಿಂದ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಲ್ಪಡದಿದ್ದರೆ ಅದಕ್ಕೆ ಹಣವೇ ಹುಟ್ಟುವುದಿಲ್ಲ. ಅಲ್ಲಿ ಹಾಡನ್ನು ಇಡಿ, ಯಾರಾದರೂ ಹುಡುಕಿದರೆ ಸಿಗಲಿ. ಆದಾಯದ ಲೆಕ್ಕದಲ್ಲಿ ಮಾತ್ರ ಅದನ್ನು ಸೇರಿಸಬೇಡಿ. ಪುಸ್ತಿಕೆಯನ್ನು ಪುಸ್ತಕವಾಗಿಯೇ ತನ್ನಿ: ಸುದ್ದಿ ಅಥವಾ ಸುದ್ದಿಯ ಮೇಲಿನ ಟಿಪ್ಪಣಿಗಳನ್ನು ನಿಗದಿತ ಅವಧಿಗೊಮ್ಮೆ ಪ್ರಕಟಿಸುವ ನಿಯತಕಾಲಿಕವಾದರೆ 2023ರ ಪತ್ರಿಕಾ ನೋಂದಣಿ ಕಾಯ್ದೆಯ ಅಡಿ ನೋಂದಾಯಿಸಬೇಕಾಗುತ್ತದೆ, ಪುಸ್ತಕಕ್ಕೆ ಆ ನಿರ್ಬಂಧವಿಲ್ಲ. ಪುಸ್ತಕದ ಗುರುತಿನ ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆ ಉಚಿತವಾಗಿ ಕೊಡುತ್ತದೆ.

ಈಗ ಕರಾರುಪತ್ರ. ಇಲ್ಲಿ ನಾನು ತಟಸ್ಥನಾಗಿ ಮಾತಾಡಲಾರೆ. ಬಹಳ ವರ್ಷಗಳ ಹಿಂದೆ ಒಂದು ಸಂಸ್ಥೆಗೆ ನಾನು ಬರೆದುಕೊಟ್ಟ ಬೊಂಬೆಯಾಕೃತಿಯೊಂದನ್ನು 3,000 ರೂಪಾಯಿಗೆ ಎಲ್ಲ ಹಕ್ಕುಗಳ ಸಮೇತ ಬಿಟ್ಟುಕೊಟ್ಟೆ. ಆಮೇಲೆ ಅದೇ ಆಕೃತಿ ಅಂಗಿಗಳ ಮೇಲೆ, ಚೀಲಗಳ ಮೇಲೆ ನನ್ನ ಹೆಸರಿಲ್ಲದೆ ಓಡಾಡಿತು, ನನ್ನ ಸ್ವಂತ ಪುಸ್ತಕದಲ್ಲಿ ಅದನ್ನು ಬಳಸುವ ಹಕ್ಕು ನನಗಿರಲಿಲ್ಲ. ಓದದೆ ಸಹಿ ಹಾಕಿದ ತಪ್ಪು ನನ್ನದೇ. ನೀವು ಓದಿದ್ದೀರಿ, ಕೇಳುತ್ತಿದ್ದೀರಿ.

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನೋಂದಣಿ ಇರಲಿ ಇಲ್ಲದಿರಲಿ, ಚಿತ್ರ ಬರೆದ ಕ್ಷಣದಿಂದ ಅದರ ಹಕ್ಕು ನಿಮ್ಮದು. ಆ ಹಕ್ಕು ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಇರುತ್ತದೆ. ಹಾಡಿನ ಸಾಹಿತ್ಯ, ಅದರ ಸಂಗೀತ, ಅದರ ಧ್ವನಿಮುದ್ರಣ ಇವು ಮೂರು ಬೇರೆ ಬೇರೆ ಹಕ್ಕುಗಳು, ಹೊದಿಕೆಯ ಚಿತ್ರ ನಾಲ್ಕನೆಯದು. ಕರಾರಿನಲ್ಲಿ ಅವಧಿಯನ್ನು ಹೇಳದಿದ್ದರೆ ಕಾಯ್ದೆಯ 19ನೆಯ ಕಲಮಿನಂತೆ ಅದು 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. 'ಶಾಶ್ವತವಾಗಿ' ಎಂಬ ಪದವನ್ನು ಅವರು ಬರೆದಿರುವುದು ಇದನ್ನು ಬಲ್ಲುದರಿಂದಲೇ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಅದು ಬಿದ್ದುಹೋಗುತ್ತದೆ. 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರು ಮತ್ತು ಸಂಗೀತ ರಚಿಸಿದವರು ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡಲು ಬರುವುದೇ ಇಲ್ಲ, ಹಾಗೆ ಬರೆದ ಕರಾರು ಆ ಮಟ್ಟಿಗೆ ಅನೂರ್ಜಿತ. ಕೃತಿಯ ಕರ್ತೃ ತಾವೆಂದು ಹೇಳಿಕೊಳ್ಳುವ, ಅದನ್ನು ವಿರೂಪಗೊಳಿಸದಂತೆ ತಡೆಯುವ ವಿಶೇಷ ಹಕ್ಕು, 57ನೆಯ ಕಲಮಿನಂತೆ, ಮಾರಿದ ಮೇಲೂ ನಿಮ್ಮಲ್ಲೇ ಉಳಿಯುತ್ತದೆ.

ಆದ್ದರಿಂದ ಈ ರೂಪದ ಪತ್ರಕ್ಕೆ ಸಹಿ ಹಾಕಬೇಡಿ. ಮೊದಲು ನೀವು ಮೂವರೂ ಕುಳಿತು, ಯಾವ ಹಾಡಿನ ಸಾಹಿತ್ಯ ಯಾರದು, ಸಂಗೀತ ಯಾರದು, ಬಂದ ಹಣ ಹೇಗೆ ಹಂಚಿಕೆ, ತಂಡ ಒಡೆದರೆ ಹೆಸರು ಯಾರಿಗೆ ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಸಹಿ ಮಾಡಿಕೊಳ್ಳಿ. ಗೆಳೆತನ ಚೆನ್ನಾಗಿರುವಾಗಲೇ ಇದನ್ನು ಮಾಡಬೇಕು. ಆಮೇಲೆ ಕಂಪನಿಗೆ ಹೀಗೆ ಬರೆದು ಕಳಿಸಿ: 6 ಹಾಡುಗಳ ಧ್ವನಿಮುದ್ರಣವನ್ನು ಮಾತ್ರ 5 ವರ್ಷಗಳ ಅವಧಿಗೆ ಬಿಡುಗಡೆ ಮಾಡಲು ಅನುಮತಿ ಕೊಡುತ್ತೇವೆ, ಸಾಹಿತ್ಯ, ಸಂಗೀತದ ಒಡೆತನ ನಮ್ಮಲ್ಲೇ ಇರುತ್ತದೆ, ಕಾರ್ಯಕ್ರಮಗಳಲ್ಲಿ ಪ್ರತಿಗಳನ್ನು ಮಾರುವ ಹಕ್ಕು ನಮಗಿರುತ್ತದೆ, ಹೊದಿಕೆಯ ಚಿತ್ರಗಳನ್ನು ಈ ಬಿಡುಗಡೆಯ ಹೊದಿಕೆಗಷ್ಟೇ ಬಳಸಬಹುದು, ಬೇರಾವ ವಸ್ತುವಿನ ಮೇಲೂ ಬಳಸುವಂತಿಲ್ಲ. ಮೊತ್ತವನ್ನು ಅವರು ಕಡಿಮೆ ಮಾಡಿದರೆ ಒಪ್ಪಿಕೊಳ್ಳಿ, 25,000 ಹೋಗಿ 10,000 ಆದರೂ ಚಿಂತೆಯಿಲ್ಲ. ಚಿತ್ರಗಳ ಸಾಲನ್ನು ತೆಗೆಯಲು ಮಾತ್ರ ಅವರು ಒಪ್ಪದಿದ್ದರೆ, ಪತ್ರವನ್ನು ಹಿಂದಿರುಗಿಸಿ, ಆ ಆರು ಹಾಡುಗಳಿಗೆ ಆರು ಚಿತ್ರಕಥೆಗಳನ್ನು ಬರೆದು ನಿಮ್ಮ ಮೊದಲ 16 ಪುಟಗಳನ್ನು ತುಂಬಿರಿ. ಹಾಡಿಗೆ ಎರಡು ಪುಟದಂತೆ 12, ಉಳಿದ ನಾಲ್ಕರಲ್ಲಿ ಹಾಡುಗಳ ಸಾಹಿತ್ಯ.